ಆಯಿಯ ಕಿವಿ, ಅಪ್ಪನ ಹರವಿ

ನಮ್ಮ ಮನೆಯಲ್ಲಿ ಎರಡು ಮಣ್ಣಿನ ಹರವಿಗಳಿದ್ದವು. ಒಂದರಲ್ಲಿ ಕುಡಿಯುವ ನೀರು, ಇನ್ನೊಂದರ ಬಾಯಿಯ ಮೇಲೆ ಅಪ್ಪನ ಸ್ಪೀಕರು. ಹೀಗೆಂದರೆ ನನ್ನ ಸೊಸೆ ನಂಬುವುದಿಲ್ಲ. ಅವಳು ಹೋದ ದೀಪಾವಳಿಗೆ ಟೀವಿಯ ಕೆಳಗೆ ಇಡಲೆಂದು ಉದ್ದನೆಯ ಕರಿ ಸ್ಪೀಕರೊಂದನ್ನು ತರಿಸಿದಳು. ಅಥಣಿಯ ನಮ್ಮ ಈಗಿನ ಮನೆಯ ಗಾಜಿನ ಕಪಾಟು ಅದರ ಧಡಧಡಕ್ಕೆ ನಡುಗುತ್ತದೆ, ಆದರೆ ಸುದ್ದಿ ಓದುವ ಹುಡುಗಿ ಏನು ಹೇಳಿದಳೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಎದ್ದು ಹೋಗಿ ಅದನ್ನು ಕಪಾಟಿನ ಸಂದಿಯಿಂದ ಮುಂದಕ್ಕೆ ಎಳೆದೆ, ಸೊಸೆಯ ಕೈಯಿಂದ ರಿಮೋಟು ಕಸಿದು ಬೇಸ್ ಇಳಿಸಿದೆ, ಎದುರಿನ ಬರಿ ಗೋಡೆಗೆ ಹೊದೆಯುವ ಕೌದಿಯೊಂದನ್ನು ತೂಗುಹಾಕಿದೆ. ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಇದೆಲ್ಲ ನಿಮಗೆ ಯಾರು ಕಲಿಸಿದರು ಎಂದು ಅವಳು ಕೇಳಿದಾಗ ಕಬ್ಬೂರಿನ ಮನೆಯ ಆ ಚಳಿಗಾಲದ ಕತೆ ಹೇಳಲೇಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಕಬ್ಬೂರಿನ ಮನೆ ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಅಲ್ಲಿ ನಮ್ಮ ಆಕಳು ಚಂದ್ರಿ. ಬಲಕ್ಕೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ನಡುಮನೆ, ಕೊನೆಗೆ ಹೊಗೆ ಹಿಡಿದು ಕಪ್ಪಾದ ಅಡಿಗೆಮನೆ. ನೆಲಕ್ಕೆಲ್ಲ ಕಲ್ಲಿನ ಫರಸಿ, ಮೇಲೆ ತಗಡು. ಒಬ್ಬರು ಸೀನಿದರೆ ಮೂರು ಜನ ಸೀನಿದಂತೆ ಕೇಳುತ್ತಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಆದ್ದರಿಂದ ಸಂಜೆ ನಾಲ್ಕೂವರೆಯಿಂದ ಆರರ ತನಕ ಆ ಮನೆಯಲ್ಲಿ ಒಂದು ಅವಸರವಿರುತ್ತಿತ್ತು. ಅಪ್ಪ ಹೊಲದಿಂದ ಬರಬೇಕು, ಅವ್ವ ರೊಟ್ಟಿ ಬಡಿಯಬೇಕು, ನಾನು ಶಾಲೆಯಿಂದ ಓಡಿ ಬಂದು ಕೈಕಾಲು ತೊಳೆಯಬೇಕು, ಎಲ್ಲರೂ ನಡುನಡುವೆ ಅಂಗಳಕ್ಕೆ ಹೋಗಿ ಸೂರ್ಯ ಎಲ್ಲಿದ್ದಾನೆಂದು ನೋಡಬೇಕು. ಗಡಿಯಾರವೊಂದಿತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ.

ಅಪ್ಪನ ತಾಯಿಯನ್ನು ಅಪ್ಪ ಆಯಿ ಎನ್ನುತ್ತಿದ್ದ, ಅದನ್ನು ಕೇಳಿ ನಾವೂ ಆಯಿ ಎಂದೆವು. ಆಯಿಗೆ ಓದು ಬರುತ್ತಿರಲಿಲ್ಲ. ಊರಿಗೆ ಬಂದ ಮುನಿಗಳೊಬ್ಬರ ಮುಂದೆ ಆಕೆ ಹರೆಯದಲ್ಲೇ ಒಂದು ನೇಮ ಹಿಡಿದಿದ್ದಳು: ದಿನಕ್ಕೆ ಶಾಸ್ತ್ರದ ಒಂದು ಅಧ್ಯಾಯವನ್ನು ಕಿವಿಯಾರೆ ಕೇಳದೆ ಸಂಜೆಯ ಊಟ ಮಾಡುವುದಿಲ್ಲ. ಬಸದಿಯಲ್ಲಿ ಆದಪ್ಪ ಪಂಡಿತರು ದಿನಾ ಮಧ್ಯಾಹ್ನ ಓದುತ್ತಿದ್ದರು, ಆಯಿ ಹೋಗಿ ಕೇಳಿ ಬರುತ್ತಿದ್ದಳು. ಮದುವೆಮನೆಯಿರಲಿ, ಸುಗ್ಗಿಯಿರಲಿ, ನೇಮ ತಪ್ಪಿರಲಿಲ್ಲ. ಗಂಡನ ಮನೆಯಲ್ಲಿ ಉಳಿದದ್ದೆಲ್ಲ ಗಂಡನದು, ಮಕ್ಕಳದು. ನೇಮವೊಂದು ಮಾತ್ರ ತನ್ನದು ಎಂದು ಆಯಿ ಒಮ್ಮೆ ಅವ್ವನ ಮುಂದೆ ಅಂದಿದ್ದಳಂತೆ. ಮೊಣಕಾಲು ಹಿಡಿದುಕೊಂಡು ಬಸದಿಯ ಮೆಟ್ಟಿಲು ಹತ್ತಲಾಗದೆ ಹೋದಾಗ ಅಪ್ಪ ಒಂದು ಉಪಾಯ ಮಾಡಿದ. ನಿಪ್ಪಾಣಿಗೆ ಹೋಗಿ ಟೇಪ್ ರಿಕಾರ್ಡರ್ ತಂದ, ಅದನ್ನು ಪಂಡಿತರ ಮುಂದಿಟ್ಟು ಒಂದೊಂದೇ ಅಧ್ಯಾಯ ರಿಕಾರ್ಡ್ ಮಾಡಿದ. ಹನ್ನೊಂದು ಕ್ಯಾಸೆಟ್ಟುಗಳಾದವು. ನಮ್ಮ ಓಣಿಯಲ್ಲಿ ತಾಯಿಗೋಸ್ಕರ ಇಷ್ಟು ಮಾಡಿದ ಮಗ ಇನ್ನೊಬ್ಬನಿರಲಿಲ್ಲ, ಮತ್ತು ಆ ಮಾತನ್ನು ಅಪ್ಪ ಯಾರಿಗೂ ಮರೆಯಗೊಡುತ್ತಿರಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಮ್ಮಪ್ಪನಿಗೆ ಒಂದು ಹುಚ್ಚು ಹಿಡಿಯಿತೆಂದರೆ ಅದು ಅರ್ಧಕ್ಕೆ ಬಿಡುವ ಹುಚ್ಚಲ್ಲ. ಟೇಪಿನ ಧ್ವನಿ ತೆಳ್ಳಗಿದೆ, ತಗಡಿನ ಡಬ್ಬಿಯೊಳಗಿಂದ ಬಂದಂತಿದೆ ಎಂದು ಅವನಿಗೆ ಅನ್ನಿಸಿತು. ಯಾರೋ ಹೇಳಿದರು, ಸ್ಪೀಕರನ್ನು ಮಣ್ಣಿನ ಹರವಿಯ ಮೇಲೆ ಬೋರಲು ಹಾಕಿದರೆ ಧ್ವನಿ ತುಂಬಿಕೊಂಡು ಬರುತ್ತದೆ ಎಂದು. ಅಪ್ಪ ಒಂದು ಹಳೆಯ ರೇಡಿಯೋದ ಸ್ಪೀಕರು ಕಿತ್ತು, ವಾಯರು ಜೋಡಿಸಿ, ಅವ್ವ ನೀರು ಸೋಸಿ ತುಂಬಿಡುತ್ತಿದ್ದ ಹರವಿಯನ್ನು ಹೇಳದೆ ಕೇಳದೆ ಖಾಲಿ ಮಾಡಿ ಅದರ ಬಾಯಿಯ ಮೇಲೆ ಅದನ್ನು ಕೂರಿಸಿದ. ನಿಜಕ್ಕೂ ಧ್ವನಿ ಬದಲಾಯಿತು. ತೆಳ್ಳಗಿನ ಆದಪ್ಪ ಪಂಡಿತರು ದೊಡ್ಡ ಹೊಟ್ಟೆಯ ಗಂಡಸಾದರು. ನಾನು ಚಪ್ಪಾಳೆ ತಟ್ಟಿದೆ. ಅವ್ವ ಮಾತ್ರ ಖಾಲಿ ಬಿಂದಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವ್ವ ಮಿರಜಿನ ಕಡೆಯವಳು, ಮರಾಠಿ ಶಾಲೆಯಲ್ಲಿ ಓದಿದವಳು, ಸಿಟ್ಟು ಬಂದಾಗ ಬಹಳ ಮೆತ್ತಗೆ ಮಾತಾಡುತ್ತಿದ್ದಳು.

"ಅಹೋ, ಸೋಸಿದ ನೀರ ಎಲ್ಲಿ ತುಂಬಲಿ? ನಿಮ್ಮ ಟೊಪಿಗಿಯೊಳಗ?"

ಅಪ್ಪ ಮರುದಿನ ಸಂತೆಯಿಂದ ಹೊಸ ಹರವಿ ತಂದ. ತಂದದ್ದು ನೀರಿಗಲ್ಲ. ಹೊಸದರ ಹೊಟ್ಟೆ ಇನ್ನೂ ದೊಡ್ಡದಿದ್ದುದರಿಂದ ಸ್ಪೀಕರು ಅದಕ್ಕೆ ಹೋಯಿತು, ಹಳೆಯದು ಅವ್ವನಿಗೆ ಮರಳಿ ಬಂತು. ಆಮೇಲೆ ಹರವಿಯನ್ನು ಗೋಡೆಯ ಮೂಲೆಗೆ ಒತ್ತಿಟ್ಟರೆ ಧ್ವನಿ ಇಮ್ಮಡಿಯಾಗುತ್ತದೆ ಎಂಬುದನ್ನು ಅವನೇ ಕಂಡುಹಿಡಿದ. ಟೋನ್ ಗುಂಡಿಯನ್ನು ಪೂರಾ ಒಂದು ಕಡೆ ತಿರುಗಿಸಿದ. ಸಂಜೆಯಾದರೆ ಓಣಿಯ ನಾಲ್ಕಾರು ಜನ ಪಡಸಾಲೆಗೆ ಬಂದು ಕೂತು, ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡು, ಇಲ್ಲಿ ತನಕ ಬಡಿಯುತ್ತದೆ ಎಂದು ಮೆಚ್ಚುತ್ತಿದ್ದರು. ಶಾಸ್ತ್ರ ಮುಗಿದ ಮೇಲೆ ಹಾಡಿನ ಕ್ಯಾಸೆಟ್ಟೂ ಹಾಕಬೇಕಾಗುತ್ತಿತ್ತು. ಆಗ ತಗಡು ಕುಣಿಯುತ್ತಿತ್ತು, ಚಂದ್ರಿ ಕಿವಿ ನಿಮಿರಿಸುತ್ತಿತ್ತು, ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಯಿ ಕಂಬಕ್ಕೆ ಒರಗಿ, ಹರವಿಗೆ ಎದುರಾಗಿ, ಕೈಮುಗಿದು ಕೂತಿರುತ್ತಿದ್ದಳು. ಅಧ್ಯಾಯ ಮುಗಿದಾಗ ಹಣೆಗೆ ಕೈ ಮುಟ್ಟಿಸಿ, ತನ್ನ ತಾಟು ತೆಗೆದುಕೊಂಡು ದನದ ಕಡೆಯ ಕಟ್ಟೆಗೆ ಹೋಗುತ್ತಿದ್ದಳು. ಪಡಸಾಲೆಯಲ್ಲಿ ಗದ್ದಲ, ಅಲ್ಲಿ ಕೂತು ಉಣ್ಣುತ್ತೇನೆ ಅನ್ನುತ್ತಿದ್ದಳು. ಎಷ್ಟು ದಿನ ಹೀಗೆ ನಡೆಯಿತೋ ನನಗೆ ನೆನಪಿಲ್ಲ, ಕಬ್ಬಿನ ಕಟಾವು ಶುರುವಾದಾಗಿನಿಂದ ಅನ್ನಿಸುತ್ತದೆ. ಆಯಿಯ ಕುಪ್ಪಸದ ತೋಳು ಸಡಿಲಾಗಿದ್ದನ್ನು ಅವ್ವ ನೋಡಿದ್ದಳು, ವಯಸ್ಸು ಎಂದುಕೊಂಡಿದ್ದಳು.

ಒಂದು ಸಂಜೆ ನನಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇನ್ನಷ್ಟು ಬೇಕಾಗಿತ್ತು. ಆಯಿಯ ತಾಟಿನಲ್ಲಿ ಸದಾ ಹೆಚ್ಚಿಗೆ ಇರುತ್ತಿದ್ದುದರಿಂದ ಕಟ್ಟೆಯ ಕಡೆ ಹೋದೆ. ಆಯಿ ಬಗ್ಗಿ ನಿಂತು ತನ್ನ ಎರಡೂ ರೊಟ್ಟಿಗಳನ್ನು ಮುರಿಮುರಿದು ಚಂದ್ರಿಗೆ ತಿನ್ನಿಸುತ್ತಿದ್ದಳು. ಚಂದ್ರಿಗೆ ರೂಢಿಯಾಗಿತ್ತು, ಮುಂದಿನ ತುಂಡಿಗೆ ಆಗಲೇ ಬಾಯಿ ತೆರೆದು ನಿಂತಿತ್ತು. ನನ್ನನ್ನು ಕಂಡು ಆಯಿ ತಾಟನ್ನು ಸೆರಗಿನಲ್ಲಿ ಮುಚ್ಚಿದಳು, ಆಮೇಲೆ ಮುಚ್ಚಿ ಪ್ರಯೋಜನವಿಲ್ಲವೆಂದು ತೆಗೆದಳು. ಯಾಕೆ ಎಂದು ಕೇಳಿದೆ. ನನ್ನನ್ನು ಕಟ್ಟೆಯ ಮೇಲೆ ಹತ್ತಿರ ಕೂರಿಸಿಕೊಂಡು ಹೇಳಿದಳು.

"ಪದ್ದಿ, ಆ ಹರವಿ ಬಂದಾಗಿಂದ ನನಗ ಒಂದಕ್ಷರ ತಿಳಿಯವಲ್ದು. ಬರೇ ಗುಮ್ ಗುಮ್ ಅಂತೈತಿ. ಕೇಳದ ಕೇಳೇನಿ ಅಂತ ಹೆಂಗ ಉಣ್ಣಲಿ? ನಿಮ್ಮಪ್ಪಗ ಹೇಳಬ್ಯಾಡ. ಎಷ್ಟ ಹೌಸಿಲೆ, ಪ್ರೀತಿಲೆ ಮಾಡ್ಯಾನ ಅಂವ."

ಕಿವಿ ಹೋಯಿತು ಎಂದರೆ ಅಪ್ಪ ನೇಮ ಬಿಡಿಸುತ್ತಾನೆ ಎಂಬ ಭಯವೂ ಆಕೆಗಿತ್ತು. ಇಷ್ಟು ವರ್ಷ ಹಿಡಿದದ್ದನ್ನು ಈಗ ಬಿಡುವುದಕ್ಕಿಂತ ಒಂದು ಹೊತ್ತಿನ ರೊಟ್ಟಿ ಬಿಡುವುದು ಹಗುರ ಎಂದಳು. ಸುಳ್ಳಂತೂ ಹೇಳಿಲ್ಲ, ಉಂಡೆಯಾ ಎಂದು ಯಾರೂ ಕೇಳಲೇ ಇಲ್ಲ ಎಂದೂ ಸೇರಿಸಿದಳು. ನಾನು ಹೂಂ ಅಂದೆ. ಅಂದವಳು ನಾನೇ ಆದ್ದರಿಂದ ಆ ಹೂಂಗೆ ಎಷ್ಟು ಬೆಲೆ ಎಂಬುದು ಆಯಿಗೆ ಗೊತ್ತಿರಬೇಕಿತ್ತು. ನನ್ನ ಬಾಯಲ್ಲಿ ಇಂದಿಗೂ ಗುಟ್ಟು ನಿಲ್ಲುವುದಿಲ್ಲ. ಮೂರು ದಿನ ಹೇಗೋ ತಡೆದೆ. ಅಪ್ಪನ ಮುಖ ನೋಡಿದರೆ ಸಿಟ್ಟು, ಆಯಿಯ ಮುಖ ನೋಡಿದರೆ ಅಳು. ಚಂದ್ರಿಯ ಮೇಲೂ ಸಿಟ್ಟು ಬರುತ್ತಿತ್ತು, ಪಾಪ, ಅದೇನು ಮಾಡೀತು.

ನಾಲ್ಕನೆಯ ಸಂಜೆ ಪಡಸಾಲೆ ತುಂಬಿತ್ತು. ಅಪ್ಪ ಹರವಿಯ ಸುತ್ತ ಮಾತಾಡುತ್ತ, ಇದನ್ನು ಎಲ್ಲಿ ಇಡಬೇಕು, ಯಾವ ಗುಂಡಿ ಎಷ್ಟು ತಿರುಗಿಸಬೇಕು ಎಂದು ಪಾಠ ಹೇಳುತ್ತಿದ್ದ. ಕೊನೆಗೆ, ಬೇಕಾದರೆ ನಮ್ಮ ಆಯಿಯನ್ನು ಕೇಳಿರಿ, ಈ ವಯಸ್ಸಿನಲ್ಲೂ ಆಕೆಗೆ ಒಂದೊಂದು ಅಕ್ಷರ ಕೇಳುತ್ತದೆ ಎಂದ. ಎಲ್ಲರೂ ಆಯಿಯ ಕಡೆ ತಿರುಗಿದರು. ಆಯಿಗೆ ಅದೂ ಕೇಳಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ನಕ್ಕಳು. ಆ ನಗೆ ನನ್ನಿಂದ ನೋಡಲಾಗಲಿಲ್ಲ.

"ಆಯಿಗೆ ಏನೂ ಕೇಳಸೂದಿಲ್ಲ. ಆಕಿ ಸಂಜಿ ಮುಂದ ಉಣ್ಣೂದ ಬಿಟ್ಟಾಳ. ದಿನಾ ರೊಟ್ಟಿ ಚಂದ್ರಿ ತಿಂತೈತಿ."

ಟೇಪು ಗುಮ್ಮೆನ್ನುತ್ತಲೇ ಇತ್ತು. ಬಂದವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅಪ್ಪ ಟೇಪು ಬಂದ್ ಮಾಡಲಿಲ್ಲ, ಅವ್ವ ಬಂದು ಬಂದ್ ಮಾಡಿದಳು. ನನಗೆ ಏಟು ಬೀಳುತ್ತದೆಂದು ಕಂಬದ ಹಿಂದೆ ಸರಿದೆ. ಬೀಳಲಿಲ್ಲ. ಅಪ್ಪ ಆಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆಕೆಯ ತೋಳನ್ನು ಹಿಡಿದು ನೋಡಿದ, ಕುಪ್ಪಸದ ಸಡಿಲನ್ನು ಬೆರಳಿನಿಂದ ಮಡಚಿ ನೋಡಿದ. ಅಷ್ಟು ಹೊತ್ತಿಗೆ ಸೂರ್ಯ ಮುಳುಗಿದ್ದ, ಏನು ಮಾಡಿದರೂ ಆ ದಿನ ಆಯಿ ಉಣ್ಣುವಂತಿರಲಿಲ್ಲ. ಆ ಸಂಜೆ ಅಪ್ಪನೂ ಉಂಡಿರಲಿಲ್ಲ. ನೇಮ ಬಿಟ್ಟುಬಿಡು ಎಂದು ಅವನು ಅನ್ನಲಿಲ್ಲ ಎಂಬುದಕ್ಕೆ ನಾನು ಅವನನ್ನು ಇಂದಿಗೂ ಮೆಚ್ಚುತ್ತೇನೆ.

ಮರುದಿನ ಅಪ್ಪನಿಗೆ ಟೇಪಿನ ಮುಖವೇ ಬೇಡವಾಗಿತ್ತು, ನಾವೇ ಓದೋಣ ಎಂದಾಯಿತು. ಅವ್ವನಿಗೆ ಕನ್ನಡ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಮೂರನೆಯ ಇಯತ್ತೆ ಕಲಿಯುತ್ತಿದ್ದ ನಾನು ಬಹಳ ಧೈರ್ಯದಿಂದ ಪುಸ್ತಕ ಹಿಡಿದೆ. ಅದರಲ್ಲಿ ಒಂದೊಂದು ಶಬ್ದ ಒಂದೊಂದು ಸಾಲಿನಷ್ಟು ಉದ್ದವಿತ್ತು. ಅರ್ಧ ತಾಸಿನಲ್ಲಿ ಐದು ಸಾಲು ಓದಿದೆ, ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಹೊತ್ತು ಮುಳುಗಿತು. ಅದರ ಮರುದಿನ ಅಪ್ಪ ಓದಿದ. ಕಿವಿ ಮಂದ ಎಂದು ತಿಳಿದಿದ್ದರಿಂದ ಕೂಗಿ ಓದಿದ. ಓಣಿಯವರು ಜಗಳವೆಂದು ಬಾಗಿಲಿಗೆ ಬಂದರು. ಎರಡು ಪುಟವಾಗುವಷ್ಟರಲ್ಲಿ ಆಯಿ ಕೈಯೆತ್ತಿ ನಿಲ್ಲಿಸಿದಳು.

"ಬಾಳೂ, ನೀ ನನ್ನ ಬೈಯಾಕತ್ತಂಗ ಆಗತೈತಿ. ಆದಪ್ಪನ ಮಾತ ಮೆತ್ತಗಿತ್ತು, ಅದಕ್ಕ ತಿಳಿತಿತ್ತ."

ಆ ದಿನಗಳಲ್ಲೂ ಆಯಿ ಬೆಳಗಿನ ಊಟದ ಮೇಲೆಯೇ ಇದ್ದಳು. ಮೂರನೆಯ ಬೆಳಿಗ್ಗೆ ಅಪ್ಪ ಟೇಪು, ಸ್ಪೀಕರು ಎರಡನ್ನೂ ಚೀಲದಲ್ಲಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಮುಗಳಖೋಡದ ಬಸ್ಸು ಹತ್ತಿದ. ಅಲ್ಲಿ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ದಸ್ತಗೀರ ಕಾಕಾ ಇದ್ದರು. ಕಾಕಾ ಟೇಪಿನ ಬಾಯಿ ತೆರೆದು, ಕ್ಯಾಸೆಟ್ಟು ತಾಗುವ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. ಹತ್ತಿ ಕಂದುಬಣ್ಣಕ್ಕೆ ಬಂತು. ಇಷ್ಟು ಕೊಳೆ ಕೂತರೆ ಅಕ್ಷರ ಹೇಗೆ ಹೊರಗೆ ಬರಬೇಕು ಎಂದರು. ಅಪ್ಪ ಹರವಿಯ ವಿಷಯ ಹೇಳಿದ, ಈ ಸಲ ಪಾಠ ಹೇಳುವ ಧಾಟಿಯಲ್ಲಲ್ಲ. ಕಾಕಾ ಒರೆಸುತ್ತಲೇ ಕೇಳಿಸಿಕೊಂಡರು.

"ಗೌಡ್ರ, ಹರವಿ ಕುಣ್ಯಾಕ ಚಲೋ. ನಿಮ್ಮ ತಾಯಿಗಿ ಕುಣಿಯೂದ್ ಬೇಕಾಗಿಲ್ರಿ, ಮಾತ ಬೇಕಾಗೈತಿ. ಎರಡೂ ಕಿವಿಗೆ ಗಟ್ಟಿ ಹತ್ತಿ ತುರುಕ್ಕೋರಿ, ಆಮ್ಯಾಲ ಕೂತ ಕೇಳ್ರಿ. ನಿಮಗ ತಿಳಿಯುವಂಗ ಆದ್ರ ಅವ್ರಿಗೂ ತಿಳಿತೈತಿ."

ಇನ್ನೊಬ್ಬನಾಗಿದ್ದರೆ ನಕ್ಕು ಬಿಡುತ್ತಿದ್ದ. ನಮ್ಮಪ್ಪ ಅಲ್ಲಿಯೇ ಹತ್ತಿ ತುರುಕಿಕೊಂಡು ಬಸ್ಸು ಹತ್ತಿದ. ಕಂಡಕ್ಟರು ಎಲ್ಲಿಗೆ ಎಂದು ಮೂರು ಸಲ ಕೇಳಬೇಕಾಯಿತು, ಮೂರೂ ಸಲ ನಾನೇ ಹೇಳಿದೆ. ಮನೆಗೆ ಬಂದವನೇ ಹರವಿಯನ್ನು ಎತ್ತಿ ಅವ್ವನ ಕೈಗೆ ಕೊಟ್ಟ. ಸ್ಪೀಕರನ್ನು ಒಂದು ಬೀಜದ ಡಬ್ಬಿಯ ಮೇಲೆ ಇಟ್ಟ, ಆಯಿಯ ಕಿವಿಯ ಎತ್ತರಕ್ಕೆ ಬರಲೆಂದು ಡಬ್ಬಿಯ ಕೆಳಗೆ ಮಣೆ ಕೊಟ್ಟ, ಮೂಲೆಯಿಂದ ಒಂದು ಮಾರು ಈಚೆಗೆ ತಂದ. ಟೋನ್ ಗುಂಡಿಯನ್ನು ಇನ್ನೊಂದು ತುದಿಗೆ ತಿರುಗಿಸಿದ. ಆಗಲೂ ಅರ್ಧ ಮಾತು ಫರಸಿಯ ಮೇಲೆ ಬಿದ್ದು ಪುಟಿಯುತ್ತಿತ್ತು. ಕೌದಿ ಕೊಡು ಎಂದು ಅವ್ವನಿಗೆ ಕೂಗಿದ, ಹತ್ತಿ ಇದ್ದುದರಿಂದ ತಾನು ಕೂಗುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ತಡಮಾಡದೆ ಅವ್ವ ಮನೆಯ ಐದೂ ಕೌದಿಗಳನ್ನು ತಂದು ಹಾಕಿದಳು. ತನ್ನ ಬಾಣಂತನದ ಕೌದಿಯನ್ನೂ ಬಿಡಲಿಲ್ಲ. ಎರಡು ನೆಲಕ್ಕೆ, ಮೂರು ಗೋಡೆಗೆ. ಹರವಿಗಾಗಿ ಜಗಳವಾಡಿದವಳು ಈಗ ತಾನೇ ಮೊಳೆ ಹಿಡಿದುಕೊಂಡು ನಿಂತಿದ್ದಳು.

ಅಪ್ಪ ಕಂಬದ ಬುಡದಲ್ಲಿ ಆಯಿಯ ಜಾಗದಲ್ಲಿ ಕೂತು ಕೇಳುವುದು, ಎದ್ದು ಸ್ಪೀಕರನ್ನು ಗೇಣು ಸರಿಸುವುದು, ಮತ್ತೆ ಕೂರುವುದು. ಎರಡು ದಿನ ಇದೇ. ಹೊಲಕ್ಕೂ ಹತ್ತಿ ಹಾಕಿಕೊಂಡೇ ಹೋದ, ತೆಗೆದರೆ ಕಿವಿಗೆ ಹಳೆಯ ರೂಢಿ ಬಂದೀತು ಎನ್ನುತ್ತಿದ್ದ. ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ, ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎರಡನೆಯ ರಾತ್ರಿ ಮಲಗುವಾಗ ಮಾತ್ರ ಅವನು ಅವ್ವನಿಗೆ, ಇಷ್ಟು ದಿನ ಆಯಿ ಹೀಗೆ ಒಬ್ಬಳೇ ಕೂತಿದ್ದಳಲ್ಲ ಎಂದ. ನಮಗೆಲ್ಲ ನಗು ನಿಂತಿತು. ಧ್ವನಿ ಕಡಿಮೆ ಮಾಡಿದರೆ ಮಾತು ಸ್ಪಷ್ಟವಾಗುತ್ತದೆ ಎಂಬುದು ಅವನಿಗೆ ಮರುದಿನ ಮಧ್ಯಾಹ್ನ ಹೊಳೆಯಿತು. ಅದೊಂದನ್ನು ಮಾಡಲು ಮಾತ್ರ ಅಲ್ಲಿಯ ತನಕ ಅವನಿಗೆ ಮನಸ್ಸಾಗಿರಲಿಲ್ಲ. ಧ್ವನಿಯ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಸೂರ್ಯನನ್ನು ನೋಡಿ ಬಂದು ಆಯಿಯನ್ನು ಕರೆದ.

ಆಯಿ ಕೂತಳು. ಸ್ವಲ್ಪ ಚೆನ್ನಾಗಿದ್ದ ಎಡಗಿವಿಯನ್ನು ಸ್ಪೀಕರಿನ ಕಡೆ ಮಾಡಿಸಿದೆವು. ಅಪ್ಪ ಎದುರಿಗೆ, ಕಿವಿಯಲ್ಲಿ ಹತ್ತಿ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತಳು, ಅದರಲ್ಲಿ ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ, ಹೆಸರುಕಾಳಿನ ಪಲ್ಯ. ಬಿಸಿಲು ಎದುರು ಮನೆಯ ಗೋಡೆಯ ಮೇಲ್ಗಡೆ ಒಂದು ಗೇಣು ಉಳಿದಿತ್ತು. ಅಪ್ಪ ಬೇರೊಂದು ಕ್ಯಾಸೆಟ್ಟು ಹಾಕಿದ, ನಾವು ಯಾರೂ ಗಮನವಿಟ್ಟು ಕೇಳಿರದ ಒಂಬತ್ತನೆಯದು. ಪಂಡಿತರು ಮತ್ತೆ ತೆಳ್ಳಗಾಗಿದ್ದರು, ನಮ್ಮ ಪಕ್ಕದಲ್ಲೇ ಕೂತು ಓದುತ್ತಿದ್ದರು. ಆಯಿ ಕೈಮುಗಿಯಲು ಮರೆತಿದ್ದಳು. ಮುಖ ಮುಂದೆ ಮಾಡಿ, ಬಾಯಿ ಸ್ವಲ್ಪ ತೆರೆದು, ಅವರ ಹಿಂದೆಯೇ ತುಟಿ ಆಡಿಸುತ್ತಿದ್ದಳು. ನಡುವೆ ಒಂದು ಕಡೆ ಓದು ನಿಂತಿತು, ಹಾಳೆ ತಿರುವಿದ ಸದ್ದು, ಯಾರೋ ಕೆಳದನಿಯಲ್ಲಿ ಏನೋ ಅಂದದ್ದು, ಮತ್ತೆ ಓದು ಶುರುವಾಯಿತು. ಅಲ್ಲಿ ಆಯಿ ಒಮ್ಮೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಧ್ಯಾಯ ಮುಗಿಯಿತು. ಗುಂಡಿ ಟಪ್ಪೆಂದು ಮೇಲೆ ಬಂತು. ಬಿಸಿಲು ಇನ್ನೂ ನಾಲ್ಕು ಬೆರಳಿನಷ್ಟಿತ್ತು.

ತಿಳಿಯಿತೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿ ಹಣೆಗೆ ಕೈ ಮುಟ್ಟಿಸಿದಳು, ಆಮೇಲೆ ಅವ್ವನ ಕಡೆ ಕೈ ಚಾಚಿದಳು. ಅವ್ವ ಓಡಿ ಬಂದು ತಾಟು ಕೊಟ್ಟಳು. ಮೊದಲ ತುತ್ತು ಬಾಯಿಗಿಟ್ಟುಕೊಂಡು, ಅದನ್ನು ನುಂಗುವ ಮೊದಲೇ ಆಯಿ ಏನೋ ಹೇಳಿದಳು. ಅಪ್ಪನಿಗೆ ಕೇಳಲಿಲ್ಲ. ಏನಂದಳು, ಏನಂದಳು ಎಂದು ನನ್ನ ಮುಖ ನೋಡಿದ. ನಾನು ಹೋಗಿ ಅವನ ಎರಡೂ ಕಿವಿಯ ಹತ್ತಿ ಕಿತ್ತೆ. ಆಯಿ ಇನ್ನೊಂದು ತುತ್ತು ಮುರಿಯುತ್ತ ಮತ್ತೆ ಹೇಳಿದಳು.

"'ಸಾವಕಾಶ ಓದ್ರಿ, ನಮ್ಮ ಆಯಿಗೆ ಎಲ್ಲಾ ತಿಳೀಬೇಕು' ಅಂತ ಪಂಡಿತ್ಗ ಅಂದೀಯಲ್ಲೋ ಟೇಪಿನ್ಯಾಗ, ನಡುವ. ಅದೂ ಕೇಳಿಸ್ತು."

ಆಯಿ ಆ ಸಂಜೆ ಬಿಸಿಲಿರುವಾಗಲೇ ಎರಡೂವರೆ ರೊಟ್ಟಿ ಉಂಡಳು.